ಹನ್ನೆರಡರ ಜಾಗದಲ್ಲಿ ಏಳು

ಮೂವತ್ತು ಸೆಕೆಂಡು!

ಅಷ್ಟೇ ಇತ್ತು ನನ್ನ ಆಯಸ್ಸು. ಸರ್ವರ್ ರೂಮಿನ ಬಾಗಿಲಿಗೆ ಹೊರಗಿನಿಂದ ಬೀಗ. ಸೈರನ್ ಕಿವಿ ಹರಿಯುವಂತೆ ಕೂಗುತ್ತಿತ್ತು. ಅದು ನಿಂತ ಕೂಡಲೇ ಬೆಂಕಿ ಆರಿಸುವ ಗ್ಯಾಸ್ ನುಗ್ಗುತ್ತದೆ. ಅದರೊಳಗೆ ಬೆಂಕಿಯೂ ಉಸಿರಾಡಲಾರದು... ನಾನೂ ಉಸಿರಾಡಲಾರೆ!

ಗೋಡೆಯ ಹಳದಿ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಒತ್ತಿದಷ್ಟು ಹೊತ್ತು ಗ್ಯಾಸ್ ಬರುವುದಿಲ್ಲ.

ಬೆರಳು ಜಾರಿದರೆ ಮುಗಿಯಿತು.

ಗಾಜಿನಾಚೆ, ಗ್ಯಾಸಿನ ಸ್ವಿಚ್ಚು ಎಳೆದಿದ್ದ ಸೆಕ್ಯುರಿಟಿ ಮುಖ್ಯಸ್ಥ ಹಲ್ಲು ಕಿರಿದ. ಕತ್ತೇ ಇಲ್ಲದ ಆಳು. ಎಲ್ಲರೂ ಅವನನ್ನು ಗೂಳಿ ಎನ್ನುತ್ತಿದ್ದರು.

“ಎಸಿ ರಿಪೇರಿ ಅಂತ ಬಂದು ಫೋಟೋ ತೆಗೀತೀಯಾ? ಎಷ್ಟು ಹೊತ್ತು ಒತ್ಕೊಂಡು ನಿಂತಿರ್ತೀಯೋ ನಾನೂ ನೋಡ್ತೀನಿ!”

“ಹಸಿವಾದ್ರೆ ತಿಂದ್ಕೊಂಡು ಬಾ. ನನಗೇನೂ ಅವಸರ ಇಲ್ಲ.”

ಸುಳ್ಳು! ಗಂಟೆ ಹತ್ತೂವರೆ. ಹನ್ನೊಂದಕ್ಕೆ ಐದನೇ ಮಹಡಿಯಲ್ಲಿ ನನಗೊಂದು ಕೆಲಸವಿತ್ತು.

ಅಕ್ಕನ ಕೆಲಸ.

ನನ್ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ. ನಾನು ಪತ್ತೇದಾರಿಕೆಗಿಳಿದು ಕಂಡವರ ಮೂಗು ಮುರಿಯುತ್ತಿದ್ದಾಗ ಅವಳು ಈ ಕಂಪನಿಯಲ್ಲಿ ಲೆಕ್ಕ ಹಾಕುತ್ತಿದ್ದಳು. ಆಂಬ್ಯುಲೆನ್ಸ್ ಕರೆ ಸ್ವೀಕರಿಸುವ ಆರುನೂರು ಆಪರೇಟರ್‌ಗಳು ಮನೆಯಿಂದಲೇ ಕೆಲಸ ಮಾಡಬೇಕಿತ್ತು. ಮನೆಯಲ್ಲಿ ಬರೀ ಸ್ಕ್ರೀನು, ಕೀಬೋರ್ಡು. ಕೆಲಸವೆಲ್ಲ ನಡೆಯುವುದು ಇಲ್ಲಿನ ಸರ್ವರ್‌ಗಳೊಳಗೆ. ಆರುನೂರೂ ಜನ ಒಂದೇ ಗಳಿಗೆಯಲ್ಲಿ ಲಾಗಿನ್ ಆದರೆ ಎಷ್ಟು ಸರ್ವರ್ ಬೇಕು? ಎಷ್ಟು ನೆಟ್‌ವರ್ಕ್ ಲೈನ್? ಅಕ್ಕ ಮೂರು ತಿಂಗಳು ಅಳೆದು ಬರೆದಳು. ಹನ್ನೆರಡು ಸರ್ವರ್, ಎರಡು ಲೈನ್.

ಡೈರೆಕ್ಟರ್ ಏಳು ಹಾಕಿಸಿದ. ಲೈನ್ ಒಂದೇ. ವರದಿಯ ಅಂಕಿ ತಿದ್ದಿ, ಕೆಳಗೆ ಅಕ್ಕನ ಸಹಿಯನ್ನು ಮಾತ್ರ ಹಾಗೇ ಉಳಿಸಿದ. ಯಾವಾಗಲೂ ನಗುತ್ತಲೇ ಇರುತ್ತಾನೆ. ನಾನಿಟ್ಟ ಹೆಸರು ನಗುಮುಖ.

ಒಂದು ಸೋಮವಾರ ಬೆಳಿಗ್ಗೆ ಎಂಟಕ್ಕೆ ಆರುನೂರು ಸ್ಕ್ರೀನೂ ಸ್ತಬ್ಧ. ಹತ್ತೊಂಬತ್ತು ನಿಮಿಷ! ಎದೆನೋವೆಂದು ಕರೆ ಮಾಡಿದ ಬಸ್ ಡ್ರೈವರ್ ಸೀಟಿನಲ್ಲೇ ಸತ್ತ. ತಪ್ಪು ಯಾರದು? ಸಹಿ ಹಾಕಿದವಳದು! ಅಕ್ಕನ ಕೆಲಸ ಹೋಯಿತು, ಮೇಲೆ ಕೇಸು. ಆಪರೇಟರ್‌ಗಳನ್ನೂ ಕೆಲಸದಿಂದ ತೆಗೆದು, ಕರೆಗಳನ್ನು ಬೇರೆ ಕಂಪನಿಗೆ ಕೊಟ್ಟರು.

ಅಂದಿನಿಂದ ಅಕ್ಕ ಬಾಯಿ ಬಿಟ್ಟಿಲ್ಲ. ನಾಲ್ಕು ತಿಂಗಳು... ಒಂದು ಮಾತಿಲ್ಲ.

ನಗುಮುಖನ ಹಲ್ಲು ಉದುರಿಸಬಹುದಿತ್ತು. ಅಷ್ಟು ಸಾಲದು ಎನಿಸಿತು.

ಎಡಗೈ ಚಾಚಿದೆ. ರ‍್ಯಾಕಿನ ಮೇಲೆ ಕೇಬಲ್ ಸುತ್ತುವ ಕರಿ ಟೇಪು. ಹಲ್ಲಿನಿಂದ ಹರಿದು ಗುಂಡಿಯನ್ನು ಅದುಮಿ ಬಿಗಿದೆ. ನೆಲದ ಹಲಗೆ ಎತ್ತಿ ಕೆಳಗಿಳಿದೆ. ಕೇಬಲ್‌ಗಳ ನಡುವೆ ತೆವಳಿದೆ. ಪಕ್ಕದ ಉಗ್ರಾಣಕ್ಕೆ ಕೇಬಲ್ ಹೋಗುವ ದೊಡ್ಡ ತೂತು. ಅದನ್ನು ಮುಚ್ಚಲೇಬೇಕೆಂದು ಅಕ್ಕ ವರದಿಯಲ್ಲಿ ಎರಡು ಸಲ ಬರೆದಿದ್ದಳು.

ನಗುಮುಖ ಅದನ್ನೂ ಮಾಡಿರಲಿಲ್ಲ. ಅವನ ಜಿಪುಣತನವೇ ನನ್ನ ಜೀವ ಉಳಿಸಿತು!

ಉಗ್ರಾಣದಿಂದ ಹೊರಬಿದ್ದು ಮೆಟ್ಟಿಲೇರುವಾಗ ಗೂಳಿ ಬೆನ್ನು ಹತ್ತಿದ. ಮೂರನೇ ಮಹಡಿಯಲ್ಲಿ ನನ್ನ ಕಾಲರ್ ಹಿಡಿದ. ಮೊಣಕೈಯಿಂದ ಒಂದು ಕೊಟ್ಟೆ. ಮೂಗು ಹಿಡಿದು ಕುಳಿತ. ನನ್ನ ಹಳೇ ಕಸುಬು, ಮರೆಯುತ್ತದೆಯೇ?

ಐದನೇ ಮಹಡಿ. ಬಾಗಿಲು ದೂಡಿದೆ.

ಹಾಲ್ ತುಂಬ ಅಗ್ನಿಶಾಮಕ ಇಲಾಖೆಯವರು. ಇದೇ ಸರ್ವರ್‌ಗಳನ್ನು ಹನ್ನೆರಡಿವೆ ಎಂದು ಹೇಳಿ ಈಗ ಅವರ ತಲೆಗೆ ಕಟ್ಟುತ್ತಿದ್ದ ನಗುಮುಖ! ದೊಡ್ಡ ಪರದೆಯ ಮೇಲೆ: ಬಳಕೆದಾರರು ಮೂವತ್ತು.

“ಆರುನೂರು ಜನ ಬಂದ್ರೂ ಹೀಗೇ ಓಡುತ್ತೆ, ಮೇಡಂ,” ಎನ್ನುತ್ತಿದ್ದ.

“ಹಾಗಾದ್ರೆ ಬರಲಿ ಬಿಡಿ,” ಎಂದೆ.

ಮೈತುಂಬ ಧೂಳು. ಎಲ್ಲರೂ ತಿರುಗಿದರು. ಮುಂದೆ ಕುಳಿತಿದ್ದ ಹಿರಿಯ ಅಧಿಕಾರಿಣಿ ಕನ್ನಡಕ ಸರಿಪಡಿಸಿಕೊಂಡರು.

“ಯಾರಪ್ಪಾ ನೀನು?”

“ಇದರ ಲೆಕ್ಕ ಹಾಕಿದವಳ ತಮ್ಮ.”

ಫೋನ್ ಒತ್ತಿದೆ. ಆಚೆ ತುದಿಯಲ್ಲಿ ಆಪರೇಟರ್‌ಗಳ ಮುಖ್ಯಸ್ಥೆ. ಆ ಡ್ರೈವರನ ಕರೆ ಬಂದದ್ದು ಅವಳ ಕಿವಿಗೇ. ಹಳೆಯ ಲಾಗಿನ್‌ಗಳನ್ನು ಯಾರೂ ಮುಚ್ಚಿರಲಿಲ್ಲ.

“ಶುರು ಮಾಡಿ,” ಎಂದೆ.

ಪರದೆಯ ಅಂಕಿ ಏರತೊಡಗಿತು. ತೊಂಬತ್ತು... ನೂರ ಎಂಬತ್ತು... ಮುನ್ನೂರು... ಮುನ್ನೂರ ನಲವತ್ತೇಳು.

ನಿಂತಿತು!

ಮೌಸ್ ಸತ್ತಿತು. ಪರದೆಯ ಮೇಲೆ ಗುಂಡನೆಯ ಚಕ್ರವೊಂದು ತಿರುಗುತ್ತಲೇ ಇತ್ತು.

“ಇದು ಹ್ಯಾಕಿಂಗ್!” ನಗುಮುಖ ಕಿರುಚಿದ. ಮೊದಲ ಸಲ ಅವನು ನಗುತ್ತಿರಲಿಲ್ಲ. “ಪೊಲೀಸ್ ಕರೀರಿ!”

“ಹ್ಯಾಕಿಂಗ್ ಅಲ್ಲ ಸಾರ್,” ಫೋನಿನಿಂದ ತಣ್ಣನೆಯ ದನಿ. “ಡ್ಯೂಟಿಗೆ ಬಂದಿದೀವಿ.”

ಅಕ್ಕನ ಮೂಲ ವರದಿಯನ್ನೂ ನನ್ನ ಫೋಟೋಗಳನ್ನೂ ಅಧಿಕಾರಿಣಿಯ ಮುಂದಿಟ್ಟೆ. ಅವರು ಒಂದೊಂದೇ ನೋಡಿ ನಗುಮುಖನತ್ತ ತಿರುಗಿದರು.

“ಎಷ್ಟು ಸರ್ವರ್ ಅಂದ್ರಿ?”

“ಹನ್... ಹನ್ನೆರಡು, ಮೇಡಂ.”

“ನಡೀರಿ. ಎಣಿಸೋಣ.”

ಎಣಿಸಿದರು. ಏಳು ಎಣಿಸಲು ಎಷ್ಟು ಹೊತ್ತು ಬೇಕು? ಪೊಲೀಸರು ಬಂದದ್ದು ನಿಜ. ಕರೆದವನನ್ನೇ ಕರೆದುಕೊಂಡು ಹೋದರು.

ಮನೆಗೆ ಬಂದೆ. ಅಕ್ಕ ಕಿಟಕಿಯ ಬಳಿ ಕುಳಿತಿದ್ದಳು. ಎಲ್ಲವನ್ನೂ ಹೇಳಿದೆ. ಗೋಡೆಗೆ ಹೇಳಿದಂತಿತ್ತು. ಏಳಬೇಕೆನ್ನುವಷ್ಟರಲ್ಲಿ ಅವಳ ತುಟಿ ಅಲುಗಿತು.

“ಎಷ್ಟಕ್ಕೆ ನಿಂತಿತೋ?”

“ಮುನ್ನೂರ ನಲವತ್ತೇಳಕ್ಕೆ, ಅಕ್ಕಾ.”

ಹುಬ್ಬು ಗಂಟಿಕ್ಕಿದಳು. “ಏಳು ಸರ್ವರ್‌ಗೆ ಮುನ್ನೂರೈವತ್ತು ಅಂತ ಹಾಕಿದ್ದೆ ಕಣೋ. ಮೂರು ಎಲ್ಲಿ ತಪ್ಪಿತು?”

“ಅದನ್ನ ನಗುಮುಖ ಹುಡುಕ್ತಾನೆ ಬಿಡಕ್ಕಾ. ಅವನಿಗೀಗ ಬೇಕಾದಷ್ಟು ಟೈಮಿದೆ!”