ಕೊನೆಯ ದೃಶ್ಯದ ಒಂದು ಮಾತು

"ಚೆನ್ನಾಗಿದ್ದೀರಾ?"

ಇದ್ದೀರಾ...!

ವೇದಿಕೆಯ ಮೇಲೆ ಮೈಕಿನ ವೈರು ಬಿಡಿಸುತ್ತಿದ್ದವನು ತಲೆಯೆತ್ತಿ ಕೇಳಿದ್ದು ಅಷ್ಟೇ. ಅವಳಿಗೆ ಮಾತ್ರ ಕೆನ್ನೆಗೆ ಬಾರಿಸಿದಂತಾಯಿತು. ಏಳು ವರ್ಷ ಒಂದೇ ಸೂರಿನಡಿ ಬಾಳಿದ ಗಂಡ. 'ಲೇ', 'ಏನೇ', 'ಕೇಳಿಸ್ತಾ ನಿಂಗೆ' ಎಂದು ಕರೆಯುತ್ತಿದ್ದ ಬಾಯಿ. ಮೂರು ವರ್ಷ ದೂರವಿದ್ದದ್ದಕ್ಕೆ ಈಗ ಬಹುವಚನದ ಮರ್ಯಾದೆ!

"ಚೆನ್ನಾಗಿದ್ದೀನಿ. ನೀವು?"

ಅವಳೂ ಅದೇ ಮರ್ಯಾದೆಯನ್ನು ಹಿಂದಿರುಗಿಸಿದಳು. ಅವನ ಮುಖ ಒಂದು ಕ್ಷಣ ಸಣ್ಣದಾಯಿತು.

ನೋಯಲಿ, ಅಂದುಕೊಂಡಳು.

ಪಾಪ, ಚಿತ್ರಸಂಘದ ಕಾರ್ಯದರ್ಶಿಗಳಿಗೆ ಏನೂ ಗೊತ್ತಿರಲಿಲ್ಲ. ನಿವೃತ್ತ ಗಣಿತದ ಮೇಷ್ಟ್ರು ಅವರು. ಇಬ್ಬರ ನಡುವೆ ನಿಂತು ಖುಷಿಯಿಂದ ಕೈ ಉಜ್ಜಿಕೊಂಡರು.

"ಪರಿಚಯ ಮಾಡಿಸ್ತೀನಿ. ಇವರು 'ಹಿಂಬಾಗಿಲ ಬೆಳಕು' ಸಿನಿಮಾದ ಎಡಿಟರ್. ಇವರು ಅದೇ ಸಿನಿಮಾದಲ್ಲಿ ನಾಯಕಿಗೆ ದನಿ ಕೊಟ್ಟವರು. ನಿಮ್ಮ ಲೈನಲ್ಲಿ ಹಾಗೇ ಅಲ್ವೇ, ಒಂದೇ ಸಿನಿಮಾಕ್ಕೆ ದುಡಿದ್ರೂ ಮುಖ ನೋಡಿರೋದಿಲ್ಲ!"

"ನೋಡಿದ್ದೀವಿ," ಅಂದ ಅವನು.

"ಸ್ವಲ್ಪ," ಅಂದಳು ಅವಳು.

ಗ್ರಂಥಾಲಯದ ಮಹಡಿಯ ಆ ಕೋಣೆಯಲ್ಲಿ ಭಾನುವಾರದ ಬಿಸಿಲು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಬಿದ್ದಿತ್ತು. 'ಕಳೆದ ದಶಕದ ನಮ್ಮ ಮೆಚ್ಚಿನ ಚಿತ್ರ ಯಾವುದು?' ಎಂದು ಹಲಗೆಯ ಮೇಲೆ ಮೇಷ್ಟ್ರ ದುಂಡನೆಯ ಅಕ್ಷರ. ಸದಸ್ಯರು ಮತ ಹಾಕಿ ಉಳಿಸಿದ್ದ ಕೊನೆಯ ಎರಡು ಚಿತ್ರಗಳಲ್ಲಿ ಒಂದು ಇವರದ್ದು. ಅದಕ್ಕೇ ಅವಳನ್ನು ಕರೆದಿದ್ದರು. ಅವನೂ ಬರುತ್ತಾನೆಂದು ಯಾರೂ ಹೇಳಿರಲಿಲ್ಲ.

ಹೇಳಿದ್ದರೆ ಬರುತ್ತಿರಲಿಲ್ಲವೇ?

ಬರುತ್ತಿದ್ದಳು. ಅದೇ ಅವಳ ಸಂಕಟ. ಅವನ ಬಾಯಿಂದ ಒಂದೇ ಒಂದು ಉತ್ತರ ಬೇಕಿತ್ತು ಅವಳಿಗೆ. ಮೂರು ವರ್ಷದಿಂದ ಬೇಕಿತ್ತು. ಅದು ಸಿಕ್ಕಿದರೆ ಈ ಗಂಡನ ಮೇಲಿನ ಆಸೆಯನ್ನು ಕಿತ್ತು ಬಿಸಾಕಿ ನೆಮ್ಮದಿಯಾಗಿ ಉಸಿರಾಡಬಹುದು.

ಚರ್ಚೆ ಶುರುವಾಯಿತು. ಮೊದಲ ಸಾಲಿನ ಟೈಲರ್ ಅಣ್ಣ ಎದ್ದು ನಿಂತೇಬಿಟ್ಟ.

"ಮೇಷ್ಟ್ರೇ, ನನ್ನ ವೋಟು ಆ ರೈಲು ಫೈಟಿನ ಸಿನಿಮಾಕ್ಕೇ. ಇದೇನ್ರೀ ಇದು? ಫೈಟಿಲ್ಲ, ಹಾಡಿಲ್ಲ. ಎರಡು ಗಂಟೆ ಗಂಡ ಹೆಂಡ್ತಿ ಮುಖ ಮುಖ ನೋಡ್ಕೊಂಡು ಕೂತಿರ್ತಾರೆ. ಕೊನೇಲಿ ಅವಳು 'ಸಾಕು' ಅಂತಾಳೆ. ನಂಗೂ ಹಾಗೇ ಅನ್ನಿಸ್ತು!"

ಸಭೆ ಗೊಳ್ಳೆಂದು ನಕ್ಕಿತು. ಅವಳೂ ನಕ್ಕಳು. ಅವನು ನಗಲಿಲ್ಲ.

ಆ ಕೊನೆಯ ದೃಶ್ಯ ಎಲ್ಲರಿಗೂ ನೆನಪಿತ್ತು. ವ್ಯಾಪಾರದಲ್ಲಿ ಸೋತು, ಊರೂರು ಅಲೆದು ಗಂಡ ಮನೆಗೆ ಬರುತ್ತಾನೆ. ಹೆಂಡತಿ ಒಗೆದ ಬಟ್ಟೆ ಮಡಿಸುತ್ತಿರುತ್ತಾಳೆ. "ಇನ್ನೇನು ಬೇಕು ನಿಂಗೆ ನನ್ನಿಂದ?" ಎಂದು ಕೇಳುತ್ತಾನೆ. ಅವಳು "ಸಾಕು" ಅನ್ನುತ್ತಾಳೆ. ಪರದೆ ಕಪ್ಪಾಗುತ್ತದೆ.

"ಎಡಿಟರ್ ಸಾಹೇಬ್ರು ಹೇಳ್ಬೇಕು," ಅಂದರು ಮೇಷ್ಟ್ರು. "ಈ ಚಿತ್ರವೇ ಯಾಕೆ?"

ಅವನು ಗಂಟಲು ಸರಿಮಾಡಿಕೊಂಡ. "ಈ ಹತ್ತು ವರ್ಷದ ಸಿನಿಮಾಗಳಲ್ಲಿ ಹೆಂಗಸು ಗಂಡನ್ನ ಬಿಟ್ಟು ಹೊರಡೋಕೆ ದೊಡ್ಡ ಭಾಷಣವನ್ನೇ ಮಾಡ್ಬೇಕಾಯ್ತು. ಇಲ್ಲಿ ಒಂದೇ ಮಾತು. ಕಿರುಚಾಟ ಇಲ್ಲ, ಶಾಪ ಇಲ್ಲ. ಅವಳಿಗೆ ಸಾಕಾಗಿದೆ, ಹೋಗ್ತಾಳೆ. ಇಷ್ಟು ಪ್ರಾಮಾಣಿಕವಾದ ಕೊನೆ ನಾನು ಬೇರೆ ನೋಡಿಲ್ಲ."

ಪ್ರಾಮಾಣಿಕ!

ಅವಳು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನನಗೆ ಈ ಚಿತ್ರ ಇಷ್ಟ. ಕೊನೆ ಇಷ್ಟ ಇಲ್ಲ. ಅದು ಸುಳ್ಳು."

"ಸುಳ್ಳಾ?"

"ಅವಳು ಹೋಗ್ತಾಳೆ ಅಂತ ಯಾರು ಹೇಳಿದ್ದು ನಿಮಗೆ? ಇನ್ನೇನು ಬೇಕು ಅಂತ ಅವನು ಕೇಳ್ತಾನೆ. ನೀನು ಬಂದ್ಯಲ್ಲ, ಇಷ್ಟು ಸಾಕು ಅಂತಾಳೆ ಅವಳು. ಅದೂ ಸಾಕೇ ಅಲ್ವಾ?"

"ಬರವಣಿಗೇಲಿ ಎರಡೂ ಒಂದೇ. ದನೀಲಿ ಅಲ್ಲ. ಆ ದನೀಲಿ ಉಳಿಯೋ ಆಸೆ ಚೂರೂ ಇರ್ಲಿಲ್ಲ."

"ದನಿ ನಂದು!"

ಸ್ಪೀಕರ್ ಕಿರ್ರೆಂದಿತು. ಮೇಷ್ಟ್ರು ಗಾಬರಿಯಾಗಿ ಇಬ್ಬರನ್ನೂ ನೋಡಿದರು. ಟೈಲರ್ ಅಣ್ಣ ಪಕ್ಕದವನಿಗೆ ಮೊಣಕೈಯಿಂದ ತಿವಿದು, "ಫೈಟು ಈಗ ಬಂತು ನೋಡು," ಅಂದ.

"ಎರಡು ಟೇಕ್ ಕೊಟ್ಟಿದ್ದೆ ನಾನು," ಅವಳು ನಿಧಾನವಾಗಿ ಹೇಳಿದಳು. "ಒಂದು ಸೋತು ಹೇಳಿದ್ದು. ಒಂದು... ಮನಸ್ಸು ತುಂಬಿ ಹೇಳಿದ್ದು. ಎರಡನೇದನ್ನ ಯಾಕೆ ಹಾಕ್ಲಿಲ್ಲ?"

ಈ ಪ್ರಶ್ನೆಯನ್ನು ಅವಳು ಎಷ್ಟು ಸಲ ಗೋಡೆಗೆ ಕೇಳಿದ್ದಳೋ! ಅವನು ಮನೆ ಬಿಟ್ಟ ಮೇಲೆ ಬಂದ ಕೆಲಸ ಅದು. ಎಡಿಟಿಂಗ್ ಅವನದೇ ಎಂದು ಗೊತ್ತಿತ್ತು. ಡಬ್ಬಿಂಗ್ ಕೋಣೆಯಲ್ಲಿ ಪರದೆಯ ಮೇಲೆ ನಟಿಯ ತುಟಿ ಅಲುಗುತ್ತಿತ್ತು, ಅದರ ಅಳತೆಗೆ ಇವಳು ಮಾತು ಕೂರಿಸಬೇಕು. ಮೊದಲ ಟೇಕನ್ನೇ ನಿರ್ದೇಶಕರು ಒಪ್ಪಿದ್ದರು. ಇವಳೇ, "ಇನ್ನೊಂದು ಕೊಡ್ತೀನಿ ಸರ್, ಯಾವುದು ಬೇಕೋ ಎಡಿಟರ್ ನೋಡ್ಕೊಳ್ಳಲಿ," ಎಂದು ಬೇಡಿಕೊಂಡಿದ್ದಳು.

ಆ ಎರಡನೇ ಮಾತನ್ನು ನಟಿಗಾಗಿ ಆಡಿರಲಿಲ್ಲ. ಹೆಡ್‌ಫೋನು ಹಾಕಿಕೊಂಡು ಒಬ್ಬನೇ ಕೂತು ಕೇಳುವವನಿಗೆ ಆಡಿದ್ದಳು. ಅವನು ಕೇಳುತ್ತಾನೆ, ಫೋನು ಮಾಡುತ್ತಾನೆ ಎಂದು ಕಾದಿದ್ದಳು.

ಫೋನು ಬರಲಿಲ್ಲ. ಸಿನಿಮಾ ಬಂತು. ಕತ್ತಲೆಯ ಥಿಯೇಟರಿನಲ್ಲಿ ತನ್ನದೇ ದನಿ, ಸೋತ ದನಿ, "ಸಾಕು" ಎಂದಿತು.

ಇದೇ ಅವನ ಉತ್ತರ, ಎಂದು ಎದ್ದು ಬಂದಿದ್ದಳು.

"ಎರಡನೇದು ಕೇಳ್ದೆ," ಅಂದ ಅವನು. "ಅದು ನಾಟಕ ಅನ್ನಿಸ್ತು."

"ನಾಟಕ...?"

"ಮತ್ತೇನು? ಹಾಗೆ ಯಾವತ್ತು ಮಾತಾಡಿದ್ದೀಯ ನೀನು?"

ನೀನು.

ಆ ಪದ ಮೈಕಿನಿಂದ ಹೊರಟು ಇಡೀ ಕೋಣೆಗೆ ಕೇಳಿಸಿತು. ಅವನು ಮೈಕಿಗೆ ಕೈ ಅಡ್ಡ ಹಿಡಿದ. ಆದರೆ ಆಡಿದ ಮಾತನ್ನು ಕತ್ತರಿಸಲು ಇದು ಎಡಿಟಿಂಗ್ ಕೋಣೆಯಲ್ಲವಲ್ಲ!

ಮೇಷ್ಟ್ರಿಗೆ ಈಗ ಲೆಕ್ಕ ಅರ್ಥವಾಯಿತು.

"ಚಹಾ... ಚಹಾ ಬಂದಿದೆ ಕೆಳಗೆ. ಎಲ್ಲರೂ ಬನ್ನಿ," ಅಂದರು.

"ಇನ್ನೂ ಬಂದಿಲ್ಲ ಮೇಷ್ಟ್ರೇ," ಅಂದ ಟೈಲರ್ ಅಣ್ಣ.

"ಬಂದಿದೆ ಏಳಯ್ಯಾ!"

ಕುರ್ಚಿಗಳು ಸದ್ದು ಮಾಡಿದವು. ಕೋಣೆ ಖಾಲಿಯಾಯಿತು. ಫ್ಯಾನಿನ ಸದ್ದು ಮಾತ್ರ ಉಳಿಯಿತು.

"ಆಸ್ಪತ್ರೆ ಕಾರಿಡಾರಲ್ಲಿ ನಾನು ಕೇಳಿದ ದನಿ ಆ ಮೊದಲನೇದು," ಅವನು ಮೇಜನ್ನು ನೋಡುತ್ತ ಹೇಳಿದ. "ನಂಗೆ ಗೊತ್ತಿದ್ದ ನಿಜ ಅದೊಂದೇ. ಅದನ್ನೇ ಹಾಕ್ದೆ."

ಆಸ್ಪತ್ರೆ... ಎರಡನೇ ಸಲವೂ ಮಗು ಉಳಿದಿರಲಿಲ್ಲ. ಬೆಂಚಿನ ಮೇಲೆ ಗೋಡೆಗೆ ಒರಗಿ ಕೂತಿದ್ದವಳ ಪಕ್ಕ ಕೂತು ಅವನು ಕೇಳಿದ್ದ, "ಇನ್ನೊಂದ್ಸಲ ನೋಡೋಣ್ವಾ?"

ಅವಳು ಹೇಳಿದ್ದಳು, "ಸಾಕು."

ಅಷ್ಟೇ. ಅದಕ್ಕಿಂತ ಹೆಚ್ಚು ಮಾತಾಡಲು ಮೈಯಲ್ಲಿ ತ್ರಾಣವಿರಲಿಲ್ಲ. ಆಮೇಲೆ ಅವನು ಸ್ಟುಡಿಯೋದಲ್ಲೇ ಮಲಗತೊಡಗಿದ. ಒಂದು ದಿನ "ನಿಂಗೆ ಹಗುರಾಗ್ಲಿ" ಎಂದು ಬಟ್ಟೆಬರೆ ತೆಗೆದುಕೊಂಡು ಹೋದ. ಅವಳು ತಡೆಯಲಿಲ್ಲ.

"ನೀನೇನು ಅಂದ್ಕೊಂಡೆ ಆವತ್ತು?" ಈಗ ಅವಳ ಬಾಯಲ್ಲೂ ಬಹುವಚನ ಉಳಿದಿರಲಿಲ್ಲ.

"ನನ್ನಿಂದ ಸಾಕಾಯ್ತು ನಿಂಗೆ ಅಂತ. ಎರಡು ಸಲ ಅಷ್ಟು ನೋವು ಕೊಟ್ಟೆ. ಇನ್ನು ನನ್ನ ಮುಖ ನೋಡಿದಾಗೆಲ್ಲ ಅದೇ ನೆನಪಾಗುತ್ತೆ ಅಂತ..."

"ಅಯ್ಯೋ, ದೇವರೇ!"

ನಗು ಬಂತು ಅವಳಿಗೆ. ಕೆಟ್ಟ ನಗು.

"ನಮಗೆ ನಾವಿಬ್ರೇ ಸಾಕು ಅಂದೆ ಕಣೋ! ಮಗು ಇಲ್ದಿದ್ರೂ ನೀನಿದ್ದೀಯಲ್ಲ, ಸಾಕು ಅಂದೆ. ನಿಂಗೆ ಮಗು ಬೇಕಿತ್ತು, ನಾನು ಬೇಡ ಅಂದೆ, ಅದಕ್ಕೇ ನೀನು ಹೋದೆ ಅಂದ್ಕೊಂಡೆ ನಾನು. ನಮ್ಮಕ್ಕನೂ ಅದನ್ನೇ ಅಂದ್ಲು. ಬೀದಿಯವ್ರೂ ಅದನ್ನೇ ಅಂದ್ರು. ಹೆರಲಾರದವಳನ್ನ ಬಿಟ್ಟು ಹೋದ ಅಂತ ನನ್ನ ಬೆನ್ನ ಹಿಂದೆ ಆಡ್ಕೊಂಡ್ರು, ಗೊತ್ತಾ ನಿಂಗೆ?"

ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಮಗು ಬೇಕಿತ್ತಾ ನಂಗೆ...? ಆ ಸಲ ನಿನ್ನನ್ನ ಒಳಗೆ ಕರ್ಕೊಂಡು ಹೋದ್ಮೇಲೆ ನಾನು ಬಾಗಿಲ ಹೊರಗೆ ಏನು ಬೇಡ್ಕೊಂಡೆ ಗೊತ್ತಾ? ಇವಳೊಬ್ಳು ಉಳಿದ್ರೆ ಸಾಕು ಅಂತ. ನಿಂಗೆ ಆಸೆ ಇರುತ್ತೆ ಅಂತ ಕೇಳ್ದೆ ಅಷ್ಟೇ. ಎಲ್ಲಿ ಹೂಂ ಅಂದ್ಬಿಡ್ತೀಯೋ ಅಂತ ಹೆದರಿದ್ದೆ."

ಒಂದೇ ಬೆಂಚಿನ ಮೇಲೆ ಕೂತು ಇಬ್ಬರೂ ಬಯಸಿದ್ದು ಒಂದನ್ನೇ. ಒಬ್ಬರಿಗೊಬ್ಬರು ಹೇಳಿರಲಿಲ್ಲ, ಅಷ್ಟೇ. ಅದಕ್ಕೆ ಮೂರು ವರ್ಷ ತೆತ್ತಿದ್ದರು.

ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಸಿಟ್ಟು ಬಂತು.

"ಕೇಳ್ಬಹುದಿತ್ತಲ್ಲ! ಊರಿನವರ ದನಿಯೆಲ್ಲ ಹಿಂದೆ ಮುಂದೆ ಮಾಡಿ ಹತ್ತು ಸಲ ಕೇಳ್ತೀಯ. ನಿನ್ನ ಹೆಂಡ್ತಿದು ಒಂದೇ ಸಲ ಸಾಕಾಯ್ತಾ?"

"ನೀನೂ ಹೇಳ್ಬಹುದಿತ್ತು."

"ಹೇಳ್ದೆ! ನಾಟಕ ಅಂತ ತೆಗೆದು ಬಿಸಾಕಿದ್ಯಲ್ಲೋ. ನನ್ನ ಜೀವಮಾನದಲ್ಲಿ ಅಷ್ಟು ನಿಜವಾಗಿ ನಾನು ಮಾತಾಡಿರ್ಲಿಲ್ಲ."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಭುಜ ಅದುರುತ್ತಿತ್ತು. ಅವಳು ಎದ್ದು ಹೋಗಿ ಮುಟ್ಟಲಿಲ್ಲ. ಮುಟ್ಟಲು ಮನಸ್ಸು ಬಂದಿತ್ತು, ಕೈ ಬರಲಿಲ್ಲ. ದೊಡ್ಡ ಮನಸ್ಸು ಮಾಡಿ ಬಿಟ್ಟುಹೋದನಂತೆ! ಆ ದೊಡ್ಡ ಮನಸ್ಸನ್ನು ಇವಳು ಕೇಳಿದ್ದಳೇ? ಹಬೆಯಾಡುವ ಸ್ನಾನದ ಕೋಣೆಯಲ್ಲಿ ನಲ್ಲಿ ತಿರುಗಿಸಿ ಅತ್ತ ಬೆಳಗುಗಳನ್ನು ಯಾರು ವಾಪಸು ಕೊಡುತ್ತಾರೆ?

ಮೇಷ್ಟ್ರು ಬಾಗಿಲಲ್ಲಿ ಇಣುಕಿದರು.

"ಎರಡನೇ ಭಾಗ... ಶುರು ಮಾಡೋಣ್ವಾ?"

"ನೀವು ನಡೆಸಿ ಮೇಷ್ಟ್ರೇ. ನಾನು ಹೊರಡ್ತೀನಿ," ಅವಳು ಬ್ಯಾಗು ಹೆಗಲಿಗೇರಿಸಿದಳು.

ಮೆಟ್ಟಿಲಿಳಿದು ಬೀದಿಗೆ ಬಂದಳು. ಹಿಂದೆ ಅವನ ಹೆಜ್ಜೆ ಸದ್ದು ಕೇಳಿಸುತ್ತಲೇ ಇತ್ತು. ಕೇಳಿಸದವಳಂತೆ ನಡೆದಳು. ಸ್ಕೂಟರುಗಳ ಸಾಲಿನ ಹತ್ತಿರ ಅವನು ಮುಂದೆ ಬಂದು ನಿಂತ. ಕಣ್ಣು ಕೆಂಪಾಗಿತ್ತು.

"ಬಿಸಿಲಿದೆ. ಮನೆಗೆ ಬಿಡ್ತೀನಿ ಬಾ."

"ಬಿಡೋದು ನಿಂಗೆ ಚೆನ್ನಾಗಿ ಬರುತ್ತೆ."

ಅವನು ತಲೆ ತಗ್ಗಿಸಿದ. ಆದರೆ ಹೋಗಲಿಲ್ಲ. ಗಾಡಿಯ ಕೀ ಕೈಯಲ್ಲಿ ಹಿಡಿದುಕೊಂಡು, ಬೈಸಿಕೊಳ್ಳಲು ಬಂದವನಂತೆ ನಿಂತೇ ಇದ್ದ. ಬಟ್ಟೆಬರೆ ತೆಗೆದುಕೊಂಡು ಹೋದ ದಿನವೂ ಬಾಗಿಲಲ್ಲಿ ಹೀಗೇ ನಿಂತಿದ್ದ ಅಲ್ಲವೇ? ತಾನು ಒಂದು ಮಾತು ಆಡಲಿ ಎಂದು ಕಾಯುತ್ತಿದ್ದನೇ...?

ಈ ಸಲ ಸುಮ್ಮನಿದ್ದರೆ ತಪ್ಪು ತನ್ನದು.

"ನಂಗಿನ್ನೂ ಸಿಟ್ಟಿದೆ," ಅಂದಳು.

"ಇರಲಿ."

"ಇವತ್ತೇ ಹೋಗೋದಿಲ್ಲ ಅದು. ನಾಳೆನೂ ಇರುತ್ತೆ. ಊಟಕ್ಕೆ ಕೂತಾಗ್ಲೂ ಇರುತ್ತೆ."

ಅವನು ತಲೆಯೆತ್ತಿದ. "ಊಟಕ್ಕೆ...?"

"ನಾನು ಬೈದ್ರೆ ಎದ್ದು ಸ್ಟುಡಿಯೋಗೆ ಓಡೋ ಹಾಗಿಲ್ಲ. ಏನಂದೆ ಅಂತ ಕೇಳ್ಬೇಕು. ಅರ್ಥ ಆಗ್ಲಿಲ್ಲ ಅಂದ್ರೆ ಇನ್ನೊಂದ್ಸಲ ಕೇಳ್ಬೇಕು."

"ಕೇಳ್ತೀನಿ," ಅವನ ದನಿ ಒಡೆಯಿತು. "ಈಗ್ಲೇ ಕೇಳ್ತೀನಿ. ನಾನು... ಮನೆಗೆ ಬರ್ಲಾ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಹಿಂದಿನ ಸೀಟಿನ ಧೂಳು ಕೊಡವಿದಳು.

"ಬಾ. ಬಂದು ಇರು."