ಗೇರಿನ ಕಾರು, ಒಂದು ‘ಪರವಾಗಿಲ್ಲ’

"ಮೊದಲ ಸಲ ಭೇಟಿಯಾಗ್ತಿದ್ದೀವಿ. ನಾನು ಅಕುತ್ಸು. ಕಾರ್ಖಾನೆಯಿಂದ ಬಂದಿದ್ದೀನಿ."

ಎರಡೂ ಕೈಯಲ್ಲಿ ಹಿಡಿದ ವಿಸಿಟಿಂಗ್ ಕಾರ್ಡು. ಬಾಗಿದ ಬೆನ್ನು. ತಗ್ಗಿದ ಕಣ್ಣು.

ಮೊದಲ ಸಲವಂತೆ!

ಚಿಗುಸಾ ಅವನ ತಗ್ಗಿದ ತಲೆಯನ್ನೇ ದಿಟ್ಟಿಸಿದಳು. ಎಂಟು ವರ್ಷ ಅವಳು ಯಾರ ದಾರಿ ನೋಡಿದ್ದಳೋ ಆ ಅಕುತ್ಸು ರ್ಯೋಹೇ, ನುಮಾತಾ ಊರಿನ ಈ ಕಾರು ಶೋರೂಮಿನ ಅಂಗಳದಲ್ಲಿ ಎಲ್ಲರ ಮುಂದೆ ನಿಂತು ಅವಳಿಗೇ ತನ್ನ ಹೆಸರು ಹೇಳಿಕೊಳ್ಳುತ್ತಿದ್ದ!

ಅವಳೇನು ಕಡಿಮೆಯೇ? ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಅವನಿಗಿಂತ ಒಂದು ಗೇಣು ಹೆಚ್ಚೇ ಬಾಗಿದಳು.

"ಮಿನೋವಾ ಚಿಗುಸಾ. ವಿಮೆ ವಿಭಾಗ. ನಿಮ್ಮನ್ನ ಮೊದಲ ಸಲ ನೋಡಿ ತುಂಬಾ ಸಂತೋಷ ಆಯ್ತು."

ಮ್ಯಾನೇಜರ್ ನೆಗಿಶಿಗೆ ಇದು ಯಾವುದೂ ಗಮನಕ್ಕೆ ಬರಲಿಲ್ಲ. ಅವರಿಗೆ ಅವರದೇ ತಲೆಬಿಸಿ. ಅಂಗಳದಲ್ಲಿ ಹೊಸ ಕಾರು ಬಂದು ನಿಂತಿತ್ತು. ಪುಟ್ಟದು, ಎರಡು ಬಾಗಿಲಿನದು, ಕೈಯಲ್ಲೇ ಹಾಕಬೇಕಾದ ಆರು ಗೇರು. ಇಂಥ ಕಾರು ಯಾರಿಗೂ ಬೇಡ ಎಂದು ಕಂಪನಿ ಹಿಂದೆ ನಿಲ್ಲಿಸಿಬಿಟ್ಟಿತ್ತು. ಈಗ ಹುಡುಗರೆಲ್ಲ ಅದೇ ಬೇಕೆಂದು ದುಂಬಾಲು ಬಿದ್ದದ್ದರಿಂದ ಮತ್ತೆ ತಂದಿದ್ದರು. ಬೆಲೆ ಮೂವತ್ತು ಲಕ್ಷ ಯೆನ್ ಒಳಗೇ. ಮಧ್ಯಾಹ್ನಕ್ಕೆ ಓಡಿಸಿ ನೋಡಲು ಗಿರಾಕಿಗಳು ಬರುವವರಿದ್ದರು.

ಆದರೆ ಅಂಗಡಿಯ ಮಾರಾಟದ ಹುಡುಗರೆಲ್ಲರ ಲೈಸೆನ್ಸ್ ಮೇಲೂ ಒಂದೇ ಸಾಲು. ‘ಆಟೋಮ್ಯಾಟಿಕ್ ಕಾರಿಗೆ ಮಾತ್ರ!’

"ಗೇರಿನ ಕಾರು ಮಾರೋಕೆ ಹೊರಟಿದ್ದೀರಿ, ಕ್ಲಚ್ಚು ಯಾವ ಕಾಲಲ್ಲಿ ಒತ್ತೋದು ಅಂತ ಒಬ್ಬನಿಗೂ ಗೊತ್ತಿಲ್ವಲ್ರೋ!" ನೆಗಿಶಿ ಹುಡುಗರ ಮೇಲೆ ಹರಿಹಾಯ್ದರು. ಆಮೇಲೆ ದನಿ ತಗ್ಗಿಸಿ ಚಿಗುಸಾಳ ಕಡೆ ತಿರುಗಿದರು. "ಅಂಗಡಿ ಮಾನ ನಿನ್ನ ಕೈಲಿದೆ ಕಣಮ್ಮಾ ಮಿನೋವಾ. ಪೂರ್ತಿ ಲೈಸೆನ್ಸ್ ಇರೋಳು ನೀನೊಬ್ಬಳೇ. ಇವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಘಾಟಿ ಒಂದು ಸುತ್ತು ಹೋಗಿ ಬಾ."

ಆ ಲೈಸೆನ್ಸನ್ನು ಅವಳು ಯಾರಿಗೋಸ್ಕರ ತೆಗೆದುಕೊಂಡಿದ್ದಳು ಎಂದು ಕೇಳಬೇಡಿ. ಅವನು ಪಕ್ಕದಲ್ಲೇ ನಿಂತು ಬೂಟಿನ ತುದಿ ನೋಡುತ್ತಿದ್ದ. ಎಂಟು ವರ್ಷದ ಹಿಂದೆ ಘಾಟಿಯಲ್ಲಿ ಕಾರು ಪರೀಕ್ಷೆ ಮಾಡಲು ಬಂದಿದ್ದ ಎಂಜಿನಿಯರು, ಭಾನುವಾರಗಳಲ್ಲಿ ಅವಳಿಗೆ ಗೇರು ಹಾಕುವುದನ್ನು ಕಲಿಸಿದ್ದ. ಗೇರು ಕಲಿಸುತ್ತಾ ಮನಸ್ಸನ್ನೂ ತೆಗೆದುಕೊಂಡು ಹೋಗಿದ್ದ.

‘ಬರಬೇಕಾದ ದಿನಗಳಲ್ಲೆಲ್ಲ ಬರಲಿಲ್ಲ... ಇವತ್ತೇ ಬರಬೇಕಿತ್ತಾ ಇವನು?’

ಇವತ್ತು ಸಂಜೆ ಅವಳು ಹೊಸೊನೋ ಅವರಿಗೆ ಉತ್ತರ ಕೊಡಬೇಕಿತ್ತು. ಸೇಬಿನ ತೋಟದವರು, ಹೆಂಡತಿ ಕಳೆದುಕೊಂಡವರು, ಒಳ್ಳೆಯ ಮನುಷ್ಯ. ಕಾದದ್ದು ಸಾಕು, ಮದುವೆಗೆ ಒಪ್ಪಿಬಿಡುತ್ತೇನೆ ಎಂದು ಬೆಳಗ್ಗೆ ಮುಖ ತೊಳೆಯುವಾಗಲೇ ಗಟ್ಟಿ ಮಾಡಿಕೊಂಡಿದ್ದಳು.

ಕಾರು ಹತ್ತಿದಳು. ಗೇಟು ದಾಟುವ ಮೊದಲೇ ಎಂಜಿನ್ ಗಕ್ಕನೆ ನಿಂತಿತು.

"ಕ್ಲಚ್ಚು ಸ್ವಲ್ಪ ಮೇಲೆ ಹಿಡಿಯುತ್ತೆ. ಹಳೇ ಕಾರಿನ ಹಾಗಲ್ಲ," ಎಂದ ಅವನು ಮೆಲ್ಲಗೆ.

"ಗೊತ್ತು. ಹಳೇದು ಯಾವುದೂ ಹಾಗೇ ಇರಲ್ಲ."

ಘಾಟಿ ಏರತೊಡಗಿದ ಮೇಲೆ ಅವಳ ಎಡಗೈಗೆ ಎಲ್ಲವೂ ನೆನಪಾಯಿತು. ತಿರುವಿಗೆ ಮುಂಚೆ ಎರಡನೇ ಗೇರು, ದಾಟಿದ ಮೇಲೆ ಮೂರನೆಯದು. ಎಷ್ಟು ಹಗುರವಾಗಿ ಬೀಳುತ್ತಿತ್ತು! ಖುಷಿಯಾಯಿತು. ಖುಷಿಯಾದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

"ಬೇಡ ಅಂತ ಬಿಸಾಕಿದ್ದನ್ನ ಮತ್ತೆ ಯಾಕೆ ತಂದ್ರಿ?"

"ಜನ ಕೇಳಿದ್ರು."

"ಪುಣ್ಯ ಮಾಡಿದೆ ಕಾರು. ಕೇಳೋರಿದ್ದಾರೆ."

ಅವನು ಕಿಟಕಿಯ ಹೊರಗೆ ನೋಡಿದ. "ಆವಾಗ ನಿಲ್ಲಿಸಿದ್ದು ನಾನಲ್ಲ, ಮೇಲಿನವರು. ಆಮೇಲೆ ನನ್ನನ್ನ ವೈಪರ್ ವಿಭಾಗಕ್ಕೆ ಹಾಕಿದ್ರು. ವರ್ಷಗಟ್ಟಲೆ ಗಾಜು ಒರೆಸೋ ಕಡ್ಡಿ ಮಾಡ್ತಾ ಕೂತಿದ್ದೆ."

"ಪಾಪ."

ಆ ಪಾಪದಲ್ಲಿ ಕನಿಕರ ಒಂದು ಚೂರೂ ಇರಲಿಲ್ಲ.

"ನಿಮ್ಮ ತಂದೆ... ಚೆನ್ನಾಗಿದ್ದಾರಾ?"

ಅವಳು ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದಳು.

"ತೀರ್ಕೊಂಡ್ರು. ಆಸ್ಪತ್ರೇಲಿ ದಿನಾ ಕೇಳ್ತಿದ್ರು, ಆ ಹುಡುಗ ಬಂದ್ನಾ ಅಂತ. ಬರ್ತಾನೆ ಅಪ್ಪಾ, ಬರ್ತಾನೆ ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗಿಹೋಯ್ತು. ನೀವು ಬರಲಿಲ್ಲ!"

ರ್ಯೋಹೇಯ ಮುಖ ಬಿಳಿಚಿಕೊಂಡಿತು.

"ಬರ್ತಾನೆ ಅಂತ ಯಾಕೆ ಹೇಳಿದೆ? ಬೇಡ ಅಂದಿದ್ದು ನೀನೇ ಅಲ್ವಾ?"

"ನಾನಾ?"

"ಸ್ಟೇಷನ್ನಿನಲ್ಲಿ. ಕಾರು ಮುಗಿಯೋಕೆ ಎಷ್ಟು ವರ್ಷ ಬೇಕೋ ಗೊತ್ತಿಲ್ಲ, ನನಗೋಸ್ಕರ ಕಾಯ್ತೀಯಾ ಅಂತ ಕೇಳಿದೆ. ನೀನು ಏನಂದೆ?"

"ಪರವಾಗಿಲ್ಲ ಅಂದೆ!"

"ಅದೇ ಮತ್ತೆ!"

"ಅದೇ ಅಂದ್ರೆ?"

"ಪರವಾಗಿಲ್ಲ ಅಂದ್ರೆ ಬೇಡ ಅಂತ ತಾನೇ? ಅಂಗಡೀಲಿ ಚೀಲ ಕೊಡ್ಲಾ ಅಂದ್ರೆ, ಪರವಾಗಿಲ್ಲ ಅಂತೀವಲ್ಲ..."

ಚಿಗುಸಾ ಅವನ ಕಡೆ ಪೂರ್ತಿ ತಿರುಗಿದಳು.

"ಎಷ್ಟು ವರ್ಷ ಆದ್ರೂ ಪರವಾಗಿಲ್ಲ ಅಂದಿದ್ದು ಕಣೋ ನಾನು!"

ನಮ್ಮ ಬೆಟ್ಟದೂರಿನ ಹಿರಿಯರ ಬಾಯಲ್ಲಿ ಆ ಮಾತಿಗೆ, ಚಿಂತೆ ಬಿಡು, ನಾನಿದ್ದೇನೆ ಎಂದರ್ಥ. ಅವಳು ಅಪ್ಪನ ಬಾಯಿಂದ ಕಲಿತದ್ದು ಅದನ್ನೇ. ರ್ಯೋಹೇಯಂಥ ಟೋಕಿಯೋದ ಹುಡುಗರು ಅದೇ ಮಾತಿನಲ್ಲಿ ನಯವಾಗಿ ಬೇಡ ಅನ್ನುತ್ತಾರೆ. ಇನ್ನು ಬೇಡ ಎಂದವರನ್ನು ಎರಡನೇ ಸಲ ಕೇಳುವುದು ನಮ್ಮಲ್ಲಿ ಸಭ್ಯತೆಯಲ್ಲ. ಅವನು ತಲೆಬಾಗಿ ರೈಲು ಹತ್ತಿದ್ದ. ಅವಳು ರೈಲು ಮರೆಯಾಗುವವರೆಗೆ ಕೈಬೀಸಿದ್ದಳು.

ಅಷ್ಟೇ ಆದದ್ದು. ದ್ರೋಹವಿಲ್ಲ, ಮೋಸವಿಲ್ಲ. ಹಲ್ಲು ಕಚ್ಚಿ ದ್ವೇಷಿಸೋಣವೆಂದರೆ ಒಬ್ಬ ಕೆಟ್ಟವನೂ ಇರಲಿಲ್ಲ.

"ಇನ್ನೊಂದೇ ಒಂದು ಸಲ ಕೇಳೋಕೆ ಏನಾಗಿತ್ತು ನಿನಗೆ?" ಅವಳ ದನಿ ಒಡೆಯಿತು.

"ಬೇಡ ಅಂದೋರನ್ನ ಪೀಡಿಸೋದು ಮರ್ಯಾದೆ ಅಲ್ಲ ಅಂತ..."

"ನಿನ್ನ ಮರ್ಯಾದೆಗಿಷ್ಟು ಬೆಂಕಿ ಹಾಕ!"

"ನೀನಾದ್ರೂ ಒಂದು ಫೋನ್ ಮಾಡಬಹುದಿತ್ತಲ್ಲ, ಚಿಗುಸಾ?"

"ಕಾಯ್ತೀನಿ ಅಂದೋಳು ಫೋನ್ ಮಾಡಿ ಅವಸರ ಮಾಡ್ತಾಳಾ? ಆ ಕಾರು ನಿಂತುಹೋಯ್ತು ಅಂತ ಪೇಪರಲ್ಲಿ ಓದಿದ ಮೇಲೆ, ಪಾಪ, ಮುಖ ತೋರಿಸೋಕೆ ನಾಚಿಕೆ ಪಡ್ತಿದ್ದಾನೆ, ನಾನಾಗಿ ಕೆಣಕೋದು ಬೇಡ ಅಂದ್ಕೊಂಡೆ."

"ಹಾಗಾದ್ರೆ ನಿನ್ನದೂ ಮರ್ಯಾದೇನೇ."

ಅವಳು ಸ್ಟೀರಿಂಗಿಗೆ ಹಣೆ ಒತ್ತಿ ಅತ್ತಳು. ಅವನು ಕೈ ಚಾಚಿದ... ಅರ್ಧಕ್ಕೇ ಹಿಂದೆಗೆದುಕೊಂಡ.

"ಈ ಅಂಗಡಿಗೆ ನಾನೇ ಕೇಳ್ಕೊಂಡು ಬಂದೆ," ಎಂದ. "ನಿನಗೆ ಮದುವೆ ಆಗಿರುತ್ತೆ, ಸುಖವಾಗಿದ್ದೀಯಾ ಅಂತ ದೂರದಿಂದ ನೋಡಿ ಹೋಗೋಣ ಅಂತ."

"ಆಗಿಲ್ಲ. ಇವತ್ತು ಸಂಜೆ ಒಬ್ಬರಿಗೆ ಹೂಂ ಅನ್ನೋದಿದೆ."

"ಒಳ್ಳೆಯವರಾ?"

"ತುಂಬಾ."

ಅವನು ಸೀಟ್ ಬೆಲ್ಟು ಸರಿಮಾಡಿಕೊಂಡ. "ಹಾಗಾದ್ರೆ... ನಾನು ಏನೂ ಕೇಳಲ್ಲ. ನೀನು ಚೆನ್ನಾಗಿರು."

‘ಮತ್ತೆ ಅದೇ! ಮತ್ತೆ ಕೇಳುವುದಿಲ್ಲವಂತೆ ಈ ಮಹಾನುಭಾವ!’

ಚಿಗುಸಾ ಕಣ್ಣೊರೆಸಿಕೊಂಡು ಕಾರು ತಿರುಗಿಸಿದಳು.

ಮಧ್ಯಾಹ್ನವೆಲ್ಲ ಅವಳು ಗಿರಾಕಿಗಳನ್ನು ಕೂರಿಸಿಕೊಂಡು ಸುತ್ತಿದಳು. "ಇಂಥದ್ದು ಮತ್ತೆ ಸಿಗುತ್ತೆ ಅಂದ್ಕೊಂಡಿರಲಿಲ್ಲ ಮಗಳೇ!" ಎಂದು ಒಬ್ಬ ಮುದುಕ ಗೇರಿನ ಗುಬುಟು ಸವರಿ ಕಣ್ಣು ತುಂಬಿಕೊಂಡ. ಕಾರನ್ನಾದರೆ ಮತ್ತೆ ಮಾಡಬಹುದು, ಮೊದಲಿಗಿಂತ ಚೆನ್ನಾಗಿಯೇ ಮಾಡಬಹುದು. ಕಳೆದ ವಯಸ್ಸನ್ನು ಯಾವ ಕಾರ್ಖಾನೆ ಮಾಡಿಕೊಡುತ್ತದೆ? ಅವಳು ನಗುನಗುತ್ತಲೇ ಎಲ್ಲರಿಗೂ ಕ್ಲಚ್ಚು ವಿವರಿಸಿದಳು.

ಸಂಜೆ ಅವನು ತನ್ನ ಕಾರಿನಲ್ಲಿ ಹೊರಟ. ಅಂಗಡಿ ಬಿಟ್ಟು ಹೊರಡುವ ಕಾರು ಕಣ್ಣಿಗೆ ಮರೆಯಾಗುವವರೆಗೆ ಎಲ್ಲರೂ ರಸ್ತೆಯಂಚಿನಲ್ಲಿ ಬಾಗಿ ನಿಲ್ಲುವುದು ನಮ್ಮ ಪದ್ಧತಿ. ನೆಗಿಶಿ ಬಾಗಿದರು, ಹುಡುಗರು ಬಾಗಿದರು.

ಚಿಗುಸಾ ಬಾಗಲಿಲ್ಲ. ಬಾಗಿದ್ದರೆ ಅವಳು ತಲೆ ಎತ್ತುವಷ್ಟರಲ್ಲಿ ಅವನು ಹೋಗಿಬಿಟ್ಟಿರುತ್ತಿದ್ದ. ಇನ್ನು ಹೋದರೆ ಹೋದಂತೆಯೇ. ಅವಳು ನೇರ ನಡೆದು ಕಾರಿನ ಮುಂದೆ ನಿಂತಳು.

"ಅಯ್ಯೋ ಮಿನೋವಾ! ಏನಮ್ಮಾ ಇದು!" ನೆಗಿಶಿ ಬಾಗಿದಲ್ಲಿಂದಲೇ ಕೂಗಿದರು.

ರ್ಯೋಹೇ ಗಾಬರಿಯಿಂದ ಗಾಜು ಇಳಿಸಿದ.

"ಕೇಳು," ಎಂದಳು.

"ಚಿಗುಸಾ, ಎಲ್ಲರೂ ನೋಡ್ತಿದ್ದಾರೆ..."

"ನೋಡಲಿ. ಬಾಯಿಬಿಟ್ಟು ಕೇಳು."

ಅವನು ಎಂಜಿನ್ ನಿಲ್ಲಿಸಿದ. "ಅವರಿಗೆ ಹೂಂ ಅನ್ನಬೇಡ. ನನ್ನ ಜೊತೆ ಬರ್ತೀಯಾ?"

"ಇನ್ನೊಂದು ಸಲ."

"ನನ್ನ ಜೊತೆ ಬಾ, ಚಿಗುಸಾ. ದಮ್ಮಯ್ಯ."

"ಬರ್ತೀನಿ. ಕಾಯೋದಂತೂ ಇನ್ನು ನನ್ನಿಂದ ಆಗಲ್ಲ. ಬಾಗಿಲು ತೆಗಿ."

ಅವಳು ಪಕ್ಕದಲ್ಲಿ ಕೂತಳು. ಹಿಂದೆ ಹುಡುಗರು ಚಪ್ಪಾಳೆ ತಟ್ಟಿದರು. ಅವಳು ತಿರುಗಿ ನೋಡಲಿಲ್ಲ. ಮೊದಲು ಹೊಸೊನೋ ಅವರ ತೋಟಕ್ಕೆ ಹೋಗಬೇಕು. ನಗುಮುಖದಿಂದ ಸ್ವಾಗತಿಸುವ ಒಬ್ಬ ಒಳ್ಳೆಯ ಮನುಷ್ಯನಿಗೆ, ಅರ್ಥವಾಗುವ ಮಾತಿನಲ್ಲೇ, ಇಲ್ಲ ಎನ್ನಬೇಕು. ಆ ನೋವನ್ನು ಬೇರೆ ಯಾರ ತಲೆಗೂ ಕಟ್ಟುವಂತಿರಲಿಲ್ಲ.

"ಸಂತೋಷ ಆಗ್ತಿದೆಯಾ?" ಅವನು ಹೆದರುತ್ತಾ ಕೇಳಿದ.

"ಇಲ್ಲ. ಸಿಟ್ಟು ಬರ್ತಿದೆ. ಮೈ ಉರಿಯೋವಷ್ಟು ಸಿಟ್ಟು."

"ಬೈದುಬಿಡು."

"ಒಂದು ದಿನಕ್ಕೆ ಮುಗಿಯೋದಲ್ಲ ಅದು. ಮುದುಕಿ ಆದ್ರೂ ಬೈತಾ ಇರ್ತೀನಿ."

"ಹತ್ತಿರಾನೇ ಇರ್ತೀನಿ," ಎಂದ ರ್ಯೋಹೇ. "ಕಿವಿ ಕೇಳಿಸದೆ ಹೋದ್ರೂ ಇರ್ತೀನಿ."