ನೀಲಾಂಬಿಕೆಯ ಸಸಿಮಡಿ

“ಈ ಸಲ ರೋಗ ಏಳಲೇ ಇಲ್ಲ. ನನ್ನ ಕೈಗುಣವೇ ಸರಿ ಇಲ್ಲ ಬಿಡಿ,” ಎಂದು ನೀಲಾಂಬಿಕೆ ಸಸಿಮಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು.

ಸೋಮನಾಥನ ಮುಖ ಹುಳ್ಳಗಾಯಿತು.

ಬಾಳೆಹೊನ್ನೂರಿನ ಹುಡುಗಿ, ಭತ್ತದ ತಳಿಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಬೆಂಕಿ ರೋಗ ತಡೆಯುವ ಶಕ್ತಿ ಯಾವ ತಳಿಗೆ ಹುಟ್ಟಿನಿಂದಲೇ ಇದೆಯೆಂದು ನೋಡಲು ಶೆಟ್ಟಿಕೊಪ್ಪದಲ್ಲಿ ಸೋಮನಾಥನ ಅಪ್ಪ ರೇಣುಕಪ್ಪನವರ ಗದ್ದೆಯ ಮೂಲೆಯಲ್ಲಿ ಮಡಿ ಮಾಡಿದ್ದಳು. ನಡುವೆ ತಾನೇ ಕ್ರಾಸ್ ಮಾಡಿ ಬೆಳೆಸಿದ ತಳಿಗಳು, ಸುತ್ತ ರೋಗಕ್ಕೆ ಬೇಗ ಬಗ್ಗುವ ಭತ್ತ. ರೋಗದ ಎಲೆ ತಂದು ಉದುರಿಸಿ ನೀರು ಚಿಮುಕಿಸುವಾಗ ಎಲ್ಲವನ್ನೂ ವಿವರಿಸಿದ್ದಳು. ಕೊಡಪಾನ ಹಿಡಿದು ಹಿಂದೆ ನಿಂತಿದ್ದ ಸೋಮನಾಥ ಅವಳ ಗಲ್ಲಕ್ಕಂಟಿದ ಕೆಸರನ್ನೇ ನೋಡುತ್ತಿದ್ದ. ಪಾಠ ತಲೆಗೆ ಹೋಗುವುದೆಲ್ಲಿಂದ?

ಅವಳಿಲ್ಲದ ವಾರ ಅಂಚಿನ ಎಲೆಗಳಲ್ಲಿ ಕಂದು ಚುಕ್ಕೆ ಕಂಡವು. ಅವಳ ಪೈರು ಸುಟ್ಟುಹೋದೀತೆಂದು ಪಂಪ್ ಬೆನ್ನಿಗೇರಿಸಿ ಔಷಧಿ ಹೊಡೆದ. ಹೊಡೆದು ಬೀಗಿದ್ದ ಬೇರೆ.

“ರೋಗ ಬಂದ್ರೆ ತಾನೆ ಯಾವುದು ತಡ್ಕೊಳ್ಳುತ್ತೆ ಅಂತ ಗೊತ್ತಾಗೋದು? ಒಂದು ವರ್ಷ ಹೋಯ್ತು. ಗೈಡ್ ಸರ್ ಎದುರು ಹೇಗೆ ನಿಲ್ಲಲಿ?” ನೀಲಾಂಬಿಕೆ ಚುಕ್ಕೆಯೇ ಇಲ್ಲದ ಎಲೆಯೊಂದನ್ನು ಹೊರಳಿಸಿ ನೋಡಿದಳು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ. ಸುಮ್ಮನಿದ್ದರೆ ಬಚಾವು. ಆದರೆ ತನ್ನ ತಪ್ಪಿಗೆ ಅವಳು ತಲೆ ತಗ್ಗಿಸುವುದೇ?

“ಮೇಡಂ, ನಿಮ್ಮ ತಪ್ಪಲ್ಲ. ನಾನೇ ಔಷಧಿ ಹೊಡ್ದಿದ್ದು.”

“ಎಂತಕ್ಕೆ ಮಾರಾಯ್ರೆ!”

“ನಿಮ್ಮ ಪೈರು ಸುಡೋದು ನೋಡಕ್ಕಾಗ್ಲಿಲ್ಲ.”

ಅವಳು ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದಳು. ಸೋಮನಾಥ ನಾಚಿಕೆಯಿಂದ ಎಷ್ಟೋ ದಿನ ಆ ಮೂಲೆಗೆ ಕಾಲಿಡಲಿಲ್ಲ.

ಮುಂದಿನ ಮಳೆಗಾಲದ ನಡುವೆ ಅವಳು ಮತ್ತೆ ಬೀಜ ಹಿಡಿದು ಬಂದಾಗ ಅವನು ಅಪ್ಪನ ಬೆನ್ನ ಹಿಂದೆ ನಿಂತ. ರೇಣುಕಪ್ಪ ಗೊಣಗುತ್ತಿದ್ದರು: “ಇವನಿಗೆ ಎಂತ ಆಗಿದ್ಯೋ! ನಿಮ್ಮ ಮಡಿ ಪಕ್ಕದ ಗದ್ದೆಗೆ ಔಷಧಿ ಹೊಡೆಯಕ್ಕೇ ಬಿಡ್ಲಿಲ್ಲ. ಎಲ್ಲ ಸುಟ್ಟೋಯ್ತು ನೋಡಿ.”

ನೀಲಾಂಬಿಕೆ ಸುಟ್ಟ ಪೈರನ್ನೂ ಅವನನ್ನೂ ನೋಡಿದಳು.

“ನಿಮಗೆ ರೋಗದ ಎಲೆ ಬೇಕಲ್ಲ ಮೇಡಂ,” ಎಂದ, ನೆಲ ನೋಡುತ್ತಲೇ.

ಅವಳ ಕಣ್ಣು ತುಂಬಿ ಬಂತು. ರೇಣುಕಪ್ಪ ಅತ್ತ ಹೋದ ಮೇಲೆ ಮೆಲ್ಲಗೆ ಹೇಳಿದಳು: “ಇನ್ನು ಮೇಡಂ ಅನ್ಬೇಡಿ.”

“ಮತ್ತೆ ಏನಂತ ಕರೀಲಿ?”

“ಬಾಳೆಹೊನ್ನೂರಿಗೆ ಬಂದು ನಮ್ಮಪ್ಪನ್ನ ಕೇಳಿ.”

ಈ ಪಾಠ ಮಾತ್ರ ಸೋಮನಾಥನ ತಲೆಗೆ ಒಂದೇ ಸಲಕ್ಕೆ ಹೋಯಿತು.